ಅಮ್ಮನ ನಡಿಗೆಯ ತಾಳ

ನಮ್ಮ ಮನೆಯ ಗಂಡಸರು ಬಲು ತಮಾಷೆಯವರು ಎಂದು ಅರಸೀಕೆರೆಯ ತುಂಬ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಈಗಲೂ ಯಾವುದಾದರೂ ಮದುವೆಯಲ್ಲಿ ವಯಸ್ಸಾದವರೊಬ್ಬರು ಕೈ ಹಿಡಿದು ನಿಲ್ಲಿಸಿ, "ನೀನು ಬ್ಯಾಂಡ್ ಮಾಸ್ಟ್ರ ಮಗಳಲ್ವೇನಮ್ಮ? ಏನ್ ನಗಿಸೋರಮ್ಮ ನಿಮ್ಮಪ್ಪ, ಹೊಟ್ಟೆ ಹುಣ್ಣಾಗೋದು" ಎನ್ನುತ್ತಾರೆ. ನಾನೂ ಹಲ್ಲು ಕಿರಿಯುತ್ತೇನೆ. ಊಟದ ಹೊತ್ತಿನಲ್ಲಿ ನಿಂತವರಿಗೆ ಇನ್ನೇನು ಹೇಳುವುದು? ಹೌದು, ನಗಿಸುತ್ತಿದ್ದ. ಯಾರನ್ನು ಇಟ್ಟುಕೊಂಡು ನಗಿಸುತ್ತಿದ್ದ ಎಂದು ಅವರೂ ಕೇಳಲಿಲ್ಲ, ನಾನೂ ಇಷ್ಟು ದಿನ ಹೇಳಲಿಲ್ಲ.

ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಹೆಂಚಿನ ಮನೆ. ಹಾಲು, ನಡುಮನೆ, ಅಡಿಗೆಮನೆ, ಹಿತ್ತಲು, ಅಷ್ಟೇ. ಹಾಲು ಮೂರು ಪಾಲು, ಉಳಿದದ್ದೆಲ್ಲ ಸೇರಿ ಒಂದು ಪಾಲು. ಆ ಹಾಲು ಮನೆಯದಲ್ಲ, ಬ್ಯಾಂಡ್ ಸೆಟ್ಟಿನದು. ಗೋಡೆಗೆ ಹೊಡೆದ ಮೊಳೆಗಳಲ್ಲಿ ಡ್ರಮ್ಮಿನ ಪಟ್ಟಿಗಳು, ಜರಿ ಅಂಚಿನ ಕೆಂಪು ಕೋಟುಗಳು, ಒಂದು ಮೂಲೆಯಲ್ಲಿ ಮಗ್ಗುಲಾಗಿ ಮಲಗಿದ ದೊಡ್ಡ ಡ್ರಮ್ಮು, ಕಿಟಕಿಯ ಹಲಗೆಯ ಮೇಲೆ ಅಪ್ಪನ ಕ್ಲಾರಿಯೊನೆಟ್ಟಿನ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಅಪ್ಪನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಕೋಟುಗಳ ಬೆವರಿನ ವಾಸನೆ, ಹಿತ್ತಾಳೆ ತಿಕ್ಕಿದ ಹುಣಿಸೆಹಣ್ಣಿನ ವಾಸನೆ, ಬೀಡಿಯ ವಾಸನೆ, ಇವು ಮೂರೂ ಕೂಡಿ ನಡುಮನೆಗೂ ಬರುತ್ತಿದ್ದವು. ಹುಣಿಸೆಹಣ್ಣು ಅಡಿಗೆಮನೆಯದು. ಟ್ರಂಪೆಟ್ಟು ಫಳಫಳ ಹೊಳೆದ ದಿನ ನಮ್ಮ ಸಾರು ಸಪ್ಪೆ.

ಮದುವೆ ಇಲ್ಲದ ದಿನಗಳಲ್ಲಿ ಹಾಲಿನಲ್ಲಿ ಮೂವರು ಖಾಯಂ. ಒಬ್ಬ ಅಪ್ಪ. ಇನ್ನೊಬ್ಬ ಡ್ರಮ್ಮಿನ ಚಂದ್ರಣ್ಣ, ಅಪ್ಪ ಹೇಳಿದ್ದಕ್ಕೆಲ್ಲ ಮೊದಲು ನಗುವವನು, ಕೆಲವು ಸಲ ಹೇಳುವುದಕ್ಕೂ ಮೊದಲು. ಮೂರನೆಯವರು ಟ್ರಂಪೆಟ್ಟಿನ ರಹಮತ್ ಮಾಮ, ನಿಧಾನದ ಮನುಷ್ಯ. ಈ ಮೂವರಿಗೂ ಒಂದು ಹುಚ್ಚಿತ್ತು. ಸ್ಟೇಷನ್ನಿಗೆ ಬರುವ ಪ್ರತಿಯೊಂದು ಇಂಜಿನ್ನಿನ ಕೂಗು ಯಾವ ಶ್ರುತಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬೇಕು, ಆಮೇಲೆ ಹಾರ್ಮೋನಿಯಂನ ಕರಿ ಬಿಳಿ ಮನೆಗಳನ್ನು ಮುಟ್ಟಿ ನೋಡಬೇಕು. ತಪ್ಪಿದವನು ಮಂಡಕ್ಕಿ ಮೆಣಸಿನಕಾಯಿ ತರಿಸಬೇಕು. ಹುಬ್ಬಳ್ಳಿ ಕಡೆಯ ಗಾಡಿ ಬಂದರೆ ಅರ್ಧ ಗಂಟೆ ಜಗಳ. ಗಾಡಿ ಹತ್ತಿರ ಬರುವಾಗ ಒಂದು ಶ್ರುತಿ, ದಾಟಿ ಹೋದ ಮೇಲೆ ಇನ್ನೊಂದು. ಯಾವುದನ್ನು ಲೆಕ್ಕಕ್ಕೆ ಹಿಡಿಯುವುದು?

"ಬತ್ತಾ ಇರೋವಾಗ ಕರಿ ಎರಡು ಕಣ್ಲಾ, ಕಿವಿ ಐತೋ ಇಲ್ವೋ ನಿಂಗೆ?"

"ಹೋಗ್ತಾ ಇಳೀತಲ್ಲ ಮಾಸ್ಟ್ರೇ. ಇಳ್ದಿದ್ದು ಬಿಳಿ ಎರಡು."

"ಬೀಗರು ಬರೋವಾಗ ಒಂಥರಾ ಮಾತಾಡ್ತಾರೆ, ಹೋಗೋವಾಗ ಒಂಥರಾ. ಬರೋವಾಗಿಂದೇ ಲೆಕ್ಕ."

ಇಂಥದ್ದಕ್ಕೆ ನಾನೂ ನಡುಮನೆಯ ಬಾಗಿಲ ಹಿಂದೆ ನಿಂತು ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಹಾಲಿನಲ್ಲಿ ಇರುತ್ತಿದ್ದಷ್ಟು ಜೀವ ನನ್ನ ಸ್ಕೂಲಿನಲ್ಲಿರಲಿಲ್ಲ, ನೆಂಟರ ಮನೆಗಳಲ್ಲಿರಲಿಲ್ಲ. ಮದುವೆ ಮುಗಿಸಿಕೊಂಡು ಬಂದ ಮಾರನೆಯ ದಿನವಂತೂ ಹಬ್ಬ. ಇಡೀ ಮದುವೆಯನ್ನು ವಾದ್ಯಗಳಲ್ಲಿ ಮತ್ತೆ ಆಡಿ ತೋರಿಸುತ್ತಿದ್ದರು. ಬೀಗಿತ್ತಿ ಮುನಿಸಿಕೊಂಡು ಮೂಗೆಳೆದದ್ದು ಕ್ಲಾರಿಯೊನೆಟ್ಟಿನಲ್ಲಿ, ಮಾವ ಗೊರಕೆ ಹೊಡೆದದ್ದು ದೊಡ್ಡ ಡ್ರಮ್ಮಿನಲ್ಲಿ, ಪುರೋಹಿತರು ಅವಸರದಲ್ಲಿ ಮಂತ್ರ ನುಂಗಿದ್ದು ರಹಮತ್ ಮಾಮನ ಟ್ರಂಪೆಟ್ಟಿನಲ್ಲಿ. ಆ ಮದುವೆಮನೆಗಳಲ್ಲಿ ಇವರಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಅದೂ ಹಿಂದಿನ ಜಗಲಿಯಲ್ಲಿ. ಪಾಯಸ ಮುಗಿದಿರುತ್ತಿತ್ತು. ಅಪ್ಪ ಚಿಕ್ಕ ವಯಸ್ಸಿನಲ್ಲಿ ಗುರುಗಳ ಮನೆಯಲ್ಲಿ ಬಿದ್ದಿದ್ದು ಶಾಸ್ತ್ರೀಯ ಸಂಗೀತ ಕಲಿತವನು. ಅರ್ಧ ಗಂಟೆ ಒಂದೇ ರಾಗವನ್ನು ಬಿಡಿಸಿ ನುಡಿಸಬಲ್ಲವನು ಮೆರವಣಿಗೆಯಲ್ಲಿ ಆಲಾಪನೆ ಶುರುಮಾಡಿದರೆ ಹುಡುಗರು, "ಏನ್ ಮಾಸ್ಟ್ರೇ, ಸತ್ತೋರ ಮನೇನಾ? ಸಿನಿಮಾ ಹಾಡು ಹೊಡೀರಿ" ಎನ್ನುತ್ತಿದ್ದರು. ಹೊಡೆಯುತ್ತಿದ್ದ. ಅಲ್ಲಿ ನುಂಗಿದ್ದನ್ನೆಲ್ಲ ನಮ್ಮ ಹಾಲಿನಲ್ಲಿ ಬಂದು ನಗುವಾಗಿ ಉಗುಳುತ್ತಿದ್ದರು. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಬೀಗಿತ್ತಿಯ ಮೂಗು ಬೀಗಿತ್ತಿಯದು, ಅವಳಿಗೆ ಕೇಳಿಸುವುದೂ ಇಲ್ಲ. ಆದರೆ ಸುಗ್ಗಿ ಮುಗಿದು ಲಗ್ನಗಳು ನಿಂತಾಗ ನಗುವುದಕ್ಕೆ ಜನ ಬೇಕಲ್ಲ. ಆಗ ಇದ್ದವಳು ಅಮ್ಮ.

ಅಮ್ಮನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿತ್ತು. ಕೋಲು ಹಿಡಿಯುವಷ್ಟಲ್ಲ, ಆದರೆ ಕುಂಟು ಕುಂಟೇ. ಎಡಗಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಲಾರಳು, ಬೇಗ ಎತ್ತಿ ಬಲಗಾಲಿಗೆ ಭಾರ ಬಿಡುತ್ತಾಳೆ. ಎಡ ಚಿಕ್ಕದು, ಬಲ ಉದ್ದ. ಬೇರೆ ಯಾರ ಮನೆಯಲ್ಲಾದರೂ ಇದು ಬರೀ ಕುಂಟಾಗಿ ಉಳಿಯುತ್ತಿತ್ತು. ನಮ್ಮ ಮನೆಯಲ್ಲಿ ತಾಳವಾಯಿತು. ಅಪ್ಪ ಸ್ಟೇಷನ್ ಕ್ವಾರ್ಟರ್ಸಿನ ನಾಲ್ಕೈದು ಮಕ್ಕಳಿಗೆ ಸಾಯಂಕಾಲ ಪಾಠ ಹೇಳುತ್ತಿದ್ದ. ಐದು ಎಣಿಕೆಯ ಖಂಡ ಚಾಪು ತಾಳ ಆ ಮಕ್ಕಳ ಕೈಗೆ ಹತ್ತುತ್ತಿರಲಿಲ್ಲ. ಎರಡು, ಆಮೇಲೆ ಮೂರು, ತಕ, ತಕಿಟ. ಮಕ್ಕಳು ನಾಲ್ಕಕ್ಕೆ ಜಾರುತ್ತಿದ್ದವು ಇಲ್ಲ ಆರಕ್ಕೆ ಓಡುತ್ತಿದ್ದವು. ಒಂದು ದಿನ ಹೀಗಿರುವಾಗ ಅಮ್ಮ ಕಾಫಿಯ ತಟ್ಟೆ ಹಿಡಿದುಕೊಂಡು ಒಳಗಿನಿಂದ ಬಂದಳು. ಅಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವಳ ಹೆಜ್ಜೆ ಕೇಳಿದ. ಅವನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ನೋಡ್ರೋ, ನೋಡ್ರೋ, ನಿಮ್ಮಮ್ಮೋರ ಕಾಲು ನೋಡ್ರೋ. ತಕ, ತಕಿಟ. ತಕ, ತಕಿಟ. ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ಗಂಗೂ, ಇನ್ನೊಂದ್ಸಲ ನಡಿಯೇ."

ಮಕ್ಕಳು ಕೈ ತಟ್ಟಿದವು. ಮೊದಲ ಸಲಕ್ಕೆ ತಾಳ ಸರಿಯಾಗಿ ಬಂತು. ಚಂದ್ರಣ್ಣ ಬಿದ್ದು ಬಿದ್ದು ನಕ್ಕ. ಅಮ್ಮನೂ ನಕ್ಕಳು, ಅದನ್ನೂ ಹೇಳಬೇಕು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಥೂ, ನಿಮ್ಮ" ಎಂದು ಇನ್ನೊಂದು ಸಲ ನಡೆದೂ ತೋರಿಸಿದಳು. ಅವತ್ತೇ ಅವಳು ಬಾಯಿ ಬಿಟ್ಟು ಬೈದಿದ್ದರೆ ನಿಲ್ಲುತ್ತಿತ್ತೋ ಏನೋ. ಆ ದಿನ ನಕ್ಕದ್ದನ್ನೇ ಹಿಡಿದುಕೊಂಡು ಅಪ್ಪ ವರ್ಷಾನುಗಟ್ಟಲೆ ವಾದಿಸಿದ. ಮಾರನೆಯ ದಿನ ಕಾಫಿ ಬಂದಾಗ ಮಕ್ಕಳು ತಾವಾಗಿಯೇ ತೊಡೆ ತಟ್ಟತೊಡಗಿದವು. ಒಂದು ವಾರದಲ್ಲಿ ಚಂದ್ರಣ್ಣ ಡ್ರಮ್ಮಿನ ಅಂಚಿನ ಮೇಲೆ ಬೆರಳಾಡಿಸುವುದು ರೂಢಿಯಾಯಿತು. ಮನೆಗೆ ಬಂದ ಬೇರೆ ಊರಿನ ವಾದ್ಯದವರಿಗೂ ಅಪ್ಪ ತೋರಿಸುತ್ತಿದ್ದ. "ಸ್ವಲ್ಪ ತಡೀರಿ, ನಮ್ಮನೆಯೋಳು ನೀರು ತತ್ತಾಳೆ, ಕೇಳ್ಕಳಿ" ಎನ್ನುತ್ತಿದ್ದ. ಅವರು ದೊಡ್ಡ ವಿದ್ವಾಂಸರ ಮೃದಂಗದ ತನಿಗೆ ತಲೆದೂಗಿದ ಹಾಗೆ ತಲೆದೂಗುತ್ತಿದ್ದರು. ರಹಮತ್ ಮಾಮ ಒಬ್ಬರು ಆ ಹೊತ್ತಿಗೆ ಟ್ರಂಪೆಟ್ಟಿನ ಒಳಗೆ ಬಟ್ಟೆ ತುರುಕಿ ಒರೆಸುವುದರಲ್ಲಿ ತೊಡಗುತ್ತಿದ್ದರು. ಬೇಡ ಎಂದು ಅವರೂ ಹೇಳಲಿಲ್ಲ.

ನನಗೆ ಅಪ್ಪನ ಮೇಲಿರುವ ಸಿಟ್ಟೆಂದರೆ ಇದೇ. ಅವನಿಗೆ ಅದು ಹೀಯಾಳಿಕೆ ಎಂದು ಅನ್ನಿಸಲೇ ಇಲ್ಲ. ನಿಜವಾಗಿ ಮೆಚ್ಚಿಕೊಂಡು ನಗುತ್ತಿದ್ದ. ಅವನ ಮಟ್ಟಿಗೆ ಪ್ರಪಂಚದಲ್ಲಿ ತಾಳಕ್ಕಿಂತ ದೊಡ್ಡದು ಏನಿತ್ತು? ಹೆಂಡತಿಯ ಕಾಲಿನಲ್ಲೇ ಅದು ಸಿಕ್ಕಿಬಿಟ್ಟಿತ್ತು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಅಮ್ಮ ಒಂದು ದಿನ ಮುದ್ದೆ ಕಟ್ಟುತ್ತ ಕೇಳಿಯೇಬಿಟ್ಟಳು. ನಾನು ಅಲ್ಲೇ ತಟ್ಟೆ ಮುಂದೆ ಕೂತಿದ್ದೆ.

"ರೀ, ಒಂದು ಮಾತು. ಆ ಮಕ್ಕಳ ಮುಂದೆ ನನ್ನ ಕಾಲಿನ ವಿಷಯ ಬಿಟ್ಬಿಡಿ."

"ಯಾಕೇ? ನಾನೇನು ಕುಂಟಿ ಅಂದ್ನಾ? ಒಂದಿನ ಅಂದಿದ್ದೀನಾ?"

"ಅಂದಿಲ್ಲ."

"ತಾಳ ಅಂದ್ರೆ ಅವಮಾನನೇನೇ? ಎಷ್ಟೋ ಜನ ಹತ್ತು ವರ್ಷ ಒದ್ದಾಡ್ತಾರೆ ಅದಕ್ಕೆ. ನಿಂಗೆ ಹುಟ್ಟಾ ಬಂದೈತೆ."

"ಹುಟ್ಟಾ ಬಂದಿದ್ದಲ್ಲ. ನಾಲ್ಕು ವರ್ಷಕ್ಕೆ ಜ್ವರ ಬಂದು ಬಂದಿದ್ದು."

ಅಪ್ಪ ಅದಕ್ಕೂ ನಕ್ಕ. ಒಳ್ಳೆಯ ಮಾತು ಎನ್ನಿಸಿರಬೇಕು, ಸಾಯಂಕಾಲ ಚಂದ್ರಣ್ಣನಿಗೆ ಹೇಳಿ ಇನ್ನೊಂದು ಸಲ ನಕ್ಕ. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ಹಾಲಿಗೆ ಹೋಗುವುದನ್ನು ನಿಲ್ಲಿಸಿದಳು. ಕಾಫಿಯ ತಟ್ಟೆಯನ್ನು ನಡುಮನೆಯ ಹೊಸ್ತಿಲಿನ ಮೇಲಿಟ್ಟು, ಬಳೆ ಸದ್ದು ಮಾಡಿ, ಅಲ್ಲಿಂದಲೇ ತಿರುಗುತ್ತಿದ್ದಳು. ಯಾರಾದರೂ ಬಂದು ತೆಗೆದುಕೊಳ್ಳಬೇಕು. ಅಂಗಡಿಗೆ ಹೋಗುವುದಿದ್ದರೆ ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿನಿಂದ ಹೋಗಿ ಗಲ್ಲಿ ಸುತ್ತಿ ಬರುತ್ತಿದ್ದಳು. ಆ ಸುತ್ತು ಅವಳ ಕಾಲಿಗೆ ಎಷ್ಟು ನೋವು ಕೊಡುತ್ತಿತ್ತೆಂದು ಗಂಡಸರು ಯಾರೂ ಯೋಚಿಸಲಿಲ್ಲ. "ಅಮ್ಮೋರು ಯಾಕೋ ಬಿಗಿಯಾಗವ್ರೆ" ಎಂದು ಚಂದ್ರಣ್ಣ ಅದಕ್ಕೂ ಒಂದು ಬೆರಳಾಟ ಕಂಡುಹಿಡಿದ.

ಅವಳು ಇಷ್ಟಪಟ್ಟು ಹೋಗುತ್ತಿದ್ದ ಜಾಗ ಒಂದೇ, ಮಾಲೇಕಲ್ಲು. ಬೆಟ್ಟದ ಮೆಟ್ಟಿಲು ಹತ್ತಲು ಕಾಲು ಸರಿಯಿದ್ದವರೇ ಏದುಸಿರು ಬಿಡುವಾಗ ಇವಳು ಹೋಗುತ್ತೇನೆನ್ನುವುದು ಅಪ್ಪನಿಗೆ ವಿಚಿತ್ರವೆನ್ನಿಸುತ್ತಿತ್ತು. ನನ್ನನ್ನೊಬ್ಬಳನ್ನೇ ಕರೆದುಕೊಂಡು ಹೋಗುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ಎರಡು ಪಾದ ಕೂಡಿಸಿ ನಿಂತು, ಉಸಿರು ತೆಗೆದುಕೊಂಡು, ಮುಂದಿನದಕ್ಕೆ. ಅರ್ಧ ದಾರಿಯಲ್ಲಿ ಕೂತು ಚುರುಮುರಿಯ ಪೊಟ್ಟಣ ಬಿಚ್ಚಿ, ಮೇಲೆ ಹೋಗುವವರನ್ನು ನೋಡುತ್ತ, "ನೋಡೇ ರಂಜಿ, ಇಲ್ಲಿ ಎಲ್ರೂ ನನ್ನ ಹಂಗೇ ನಡೀತಾರೆ" ಎಂದಿದ್ದಳು. ಅವಳು ಅಷ್ಟು ಹಗುರಾಗಿ ಮಾತಾಡಿದ್ದನ್ನು ಮನೆಯಲ್ಲಿ ನಾನು ಕೇಳಿರಲಿಲ್ಲ.

ನಾನು ಅವಳ ಹಿಂದೆ ಮುಂದೆ ಓಡಾಡಿಕೊಂಡಿದ್ದವಳು, ಅವಳ ನಡಿಗೆ ನನಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು. ಅಪ್ಪ ಏಳುವುದು ಬಿಸಿಲು ಬಂದ ಮೇಲೆ. ಅಮ್ಮ ಎದ್ದು ಬಾಗಿಲಿಗೆ ನೀರು ಹಾಕುವ ಹೊತ್ತಿನಲ್ಲಿ ಅವಳ ಹೆಜ್ಜೆ ಐದರದಲ್ಲ, ಏಳರದು. ಮೂರು, ಆಮೇಲೆ ನಾಲ್ಕು. ಅಂದರೆ ಕುಂಟು ಕಡಿಮೆ. ದಿನ ಏರುತ್ತ ಕಾಲು ಸೋಲುತ್ತ ಸಾಯಂಕಾಲಕ್ಕೆ ಐದಕ್ಕೆ ಇಳಿಯುತ್ತಿತ್ತು. ಹೊಸ್ತಿಲು ಬಂದರೆ ಇನ್ನೊಂದು ವಿಷಯ. ದಾಟುವ ಮುಂಚೆ ಒಂದು ಎಣಿಕೆಯಷ್ಟು ಹೊತ್ತು ನಿಲ್ಲುತ್ತಿದ್ದಳು. ಎಡಗಾಲು ಎತ್ತಿ ಇಡುವುದಕ್ಕೆ ಧೈರ್ಯ ತೆಗೆದುಕೊಳ್ಳುವ ಹಾಗೆ. ಇದು ಹಾಲಿನಲ್ಲಿ ಕೂತ ಯಾರಿಗೂ ಗೊತ್ತಿರಲಿಲ್ಲ.

ನನಗೆ ಕ್ಲಾರಿಯೊನೆಟ್ಟು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಸ್ಕೂಲಿನಲ್ಲಿ ಪೆನ್ಸಿಲ್ಲಿನ ಮೇಲೆ ಬೆರಳಾಡಿಸುತ್ತ ಕೂತು ಬೆತ್ತದ ಏಟು ತಿಂದಿದ್ದೇನೆ. ಅಪ್ಪನನ್ನು ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು. "ಹೆಣ್ಮಕ್ಕಳು ಊದಿದ್ರೆ ಮೂತಿ ಸೊಟ್ಟಗಾಗ್ತದೆ ಕಣಮ್ಮ. ಆಮೇಲೆ ನಿಂಗೆ ಗಂಡು ಹುಡುಕೋಕೆ ನಾನು ಬ್ಯಾಂಡ್ ಹೊಡ್ಕೊಂಡು ಊರೂರು ತಿರುಗ್ಬೇಕಾಗ್ತದೆ" ಎನ್ನುತ್ತಿದ್ದ. ಚಂದ್ರಣ್ಣ ನಗುತ್ತಿದ್ದ. ನಾನು ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ, ನಡುಮನೆಯಲ್ಲಿ ಓದುತ್ತ ಕೂತಿದ್ದ ನನಗೆ ಅಡಿಗೆಮನೆಯಿಂದ ಅವರಿಬ್ಬರ ಮಾತು ಕೇಳಿಸಿತು.

"ರಂಜಿಗೆ ಕಲಿಸಿ."

"ಮತ್ತೆ ಶುರುವಾಯ್ತಾ ನಿಂದು?"

"ಕಲಿಸಿ ಅಂದೆ. ಅವಳು ಊಟ ಸರಿಯಾಗಿ ಮಾಡ್ತಾ ಇಲ್ಲ."

"ನೋಡು ಗಂಗೂ, ನಾನು ಹೇಳಿದ್ದು ಒಂದಾದ್ರೂ ನಡೀತದಾ ಈ ಮನೇಲಿ? ಕಾಫಿ ಹಾಲಿಗೆ ತಂದ್ಕೊಡು ಅಂದ್ರೆ ತರಲ್ಲ. ಬಂದೋರ ಮುಂದೆ ನಂಗೆ ಎಂಥ ಅವಮಾನ. ಹೆಂಡ್ತಿ ಮುನಿಸ್ಕೊಂಡವಳೆ ಅಂತ ಆಡ್ಕೋತಾರೆ."

ಅಮ್ಮ ಊದುಗೊಳವೆಯಿಂದ ಒಲೆ ಊದಿದ ಸದ್ದು ಬಂತು.

"ತರ್ತೀನಿ. ಅವಳಿಗೆ ಕಲಿಸಿ."

ಆ ಸೋಮವಾರವೇ ಅಪ್ಪ ಪೆಟ್ಟಿಗೆ ತೆರೆದು ನನ್ನನ್ನು ಕರೆದ. ಆ ಸೋಮವಾರವೇ ಅಮ್ಮ ಕಾಫಿ ತಟ್ಟೆ ಹಿಡಿದು ಹಾಲಿಗೆ ಬಂದಳು. ಮಕ್ಕಳು ತೊಡೆ ತಟ್ಟಿದವು, ಚಂದ್ರಣ್ಣ, "ಬಂತಪ್ಪ ನಮ್ಮ ಖಂಡ ಚಾಪು" ಎಂದ. ಅವಳು ತಟ್ಟೆ ಇಟ್ಟು ನನ್ನ ಕೈಯಲ್ಲಿದ್ದ ವಾದ್ಯವನ್ನು ಒಂದು ಗಳಿಗೆ ನೋಡಿ ಹೊರಟುಹೋದಳು. ನನಗೆ ಕೊಟ್ಟದ್ದು ಏನು, ಅದಕ್ಕೆ ತೆತ್ತದ್ದು ಏನು ಎಂದು ಎರಡೂ ನನ್ನ ಕಣ್ಣೆದುರಿಗೇ ಇತ್ತು. ಹನ್ನೆರಡು ವರ್ಷದವಳಿಗೆ ಅಷ್ಟೂ ಅರ್ಥವಾಗುವುದಿಲ್ಲವೇ? ಅರ್ಥವಾಗುತ್ತದೆ. ಅರ್ಥಮಾಡಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ, ವಾದ್ಯದ ತುದಿಯ ರೀಡನ್ನು ತುಟಿಗೆ ಹೇಗೆ ಒತ್ತಬೇಕೆಂದು ಅಪ್ಪ ಹೇಳಿಕೊಡುತ್ತಿದ್ದ.

ಪಾಠದಲ್ಲಿ ಅಪ್ಪ ಬೇರೆಯೇ ಮನುಷ್ಯ. ಒಂದು ತಮಾಷೆಯಿಲ್ಲ, ಒಂದು ನಗುವಿಲ್ಲ. ತಿಂಗಳುಗಟ್ಟಲೆ ಒಂದೇ ಸ್ವರ ಊದಿಸಿದ. ತುಟಿ ಒಡೆದು ರಕ್ತ ಬಂದರೆ ಅಮ್ಮ ಬೆಣ್ಣೆ ಹಚ್ಚುತ್ತಿದ್ದಳು. ಎರಡು ವರ್ಷದಲ್ಲಿ ವರ್ಣ ದಾಟಿ ಕೀರ್ತನೆಗೆ ಬಂದೆ, ಅಪ್ಪ ನನಗೇ ಎಂದು ಒಂದು ಹಳೆಯ ಕ್ಲಾರಿಯೊನೆಟ್ಟು ತಂದುಕೊಟ್ಟ. ಆದರೆ ನನಗೆ ಸಾಲಲಿಲ್ಲ. ನಾನು ಹಾಲಿಗೆ ಕಾಲಿಟ್ಟರೆ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. "ಮಗು ಬಂತು" ಎಂದು ಬಾಯಿ ಒರೆಸಿಕೊಳ್ಳುತ್ತಿದ್ದರು. ಇಂಜಿನ್ನಿನ ಶ್ರುತಿ ನನಗೆ ಅವರಿಗಿಂತ ಬೇಗ ಗೊತ್ತಾಗುತ್ತಿತ್ತು, ಹೇಳಿದರೆ, "ಜಾಣೆ" ಎಂದು ತಲೆ ಸವರಿ ಸುಮ್ಮನಾಗುತ್ತಿದ್ದರು. ಮಂಡಕ್ಕಿ ತರಿಸಲು ನನ್ನನ್ನು ಯಾರೂ ಪಂದ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ವಿದ್ಯೆ ಕೊಟ್ಟರು, ನಗು ಕೊಡಲಿಲ್ಲ. ಆ ಮೂವರು ಗಂಡಸರು ನನ್ನಿಂದಾಗಿ ಒಮ್ಮೆ ಹೊಟ್ಟೆ ಹಿಡಿದುಕೊಂಡು ನಗಬೇಕು ಎಂಬ ಆಸೆ ನನಗೆ ಹುಣ್ಣಿನ ಹಾಗೆ ಬೆಳೆಯಿತು.

ಹಾರನಹಳ್ಳಿಯಲ್ಲಿ ತೆಂಗಿನಕಾಯಿ ವ್ಯಾಪಾರದ ಯಜಮಾನರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಅದರ ಗೃಹಪ್ರವೇಶಕ್ಕೆ ನಮ್ಮ ಬ್ಯಾಂಡ್ ಸೆಟ್ಟಿಗೆ ಹೇಳಿಕೆ ಬಂತು. ಯಜಮಾನರಿಗೆ ಶಾಸ್ತ್ರೀಯದ ರುಚಿಯಿತ್ತು. ಕಲಶದ ಮೆರವಣಿಗೆ ಮುಗಿದ ಮೇಲೆ ಒಳಗೆ ಕೂತು ಒಂದು ಗಂಟೆ ಕಚೇರಿಯ ಹಾಗೆ ನುಡಿಸಿ ಎಂದಿದ್ದರು. ಅಪ್ಪ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. "ರಂಜಿನೂ ಕೂರಿಸ್ಕೋತೀನಿ" ಎಂದ. ಅಮ್ಮ ಅಪ್ಪನ ಯಾವ ಕಾರ್ಯಕ್ರಮಕ್ಕೂ ಹೋದವಳಲ್ಲ. ಅವತ್ತು ಹೊರಟಳು. ಟ್ರಂಕಿನ ತಳದಿಂದ ಮದುವೆಯ ಸೀರೆ ತೆಗೆದು ಉಟ್ಟು, ನನಗೆ ಎರಡು ಜಡೆ ಹಾಕಿ ಕನಕಾಂಬರ ಮುಡಿಸಿ, ಟೆಂಪೋದಲ್ಲಿ ಡ್ರಮ್ಮುಗಳ ನಡುವೆ ಕೂತಳು. ದಾರಿಯುದ್ದಕ್ಕೂ ನನ್ನ ಕ್ಲಾರಿಯೊನೆಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡಿದ್ದಳು.

ಹೊಸ ಮನೆಯ ನಡುವಂಗಳ ದೊಡ್ಡದು. ನುಣ್ಣನೆಯ ಕಲ್ಲು ಹಾಸಿ ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿದ್ದರು. ಒಂದು ಗೋಡೆಗೆ ನಾವು, ಎದುರಿನ ಗೋಡೆಗೆ ಹೆಂಗಸರು, ನಡುವೆ ಖಾಲಿ. ಅಮ್ಮ ಒಳಗೆ ಅಡಿಗೆಯವರ ಹತ್ತಿರ ನನಗೆ ಬಿಸಿನೀರು ಕೇಳಲು ಹೋಗಿದ್ದಳು. ನಾವು ಶುರುಮಾಡಿದೆವು. ಮೂರನೆಯದಾಗಿ ಖಂಡ ಚಾಪಿನ ಕೀರ್ತನೆ. ಪಲ್ಲವಿ ಅಪ್ಪ ನುಡಿಸಿ, ಚರಣಕ್ಕೆ ಬಂದಾಗ ತನ್ನ ವಾದ್ಯ ಕೆಳಗಿಟ್ಟು, "ನೀನು ತಗೋ" ಎಂದು ನನಗೆ ಬಿಟ್ಟ. ನಾನು ಮತ್ತು ಕಚೇರಿಗೆಂದು ಡ್ರಮ್ಮಿನ ಬದಲು ಚಂದ್ರಣ್ಣ ಹಿಡಿದಿದ್ದ ಡೋಲು, ಇಬ್ಬರೇ. ಚೆನ್ನಾಗಿ ಹೋಗುತ್ತಿತ್ತು. ಯಜಮಾನರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆಗ ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಬಿಸಿನೀರಿನ ಲೋಟ. ನಮ್ಮ ಕಡೆಗೆ ಬರಬೇಕಾದರೆ ನಡುವಿನ ಖಾಲಿ ಜಾಗ ದಾಟಬೇಕು.

ಅಪ್ಪ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿ ಹುಬ್ಬು ಹಾರಿಸಿದ. ಅಷ್ಟೇ. ನಾನು ಕಣ್ಣು ಕೆಳಗೆ ಮಾಡಿ ಚರಣ ಮುಗಿಸಬಹುದಾಗಿತ್ತು. ನಾನು ಕಾಲವನ್ನು ಎಳೆದು ನಿಧಾನ ಮಾಡಿದೆ. ಹೊಸ್ತಿಲ ಬಳಿ ಅವಳು ನಿಂತಳು, ನಾನು ಒಂದು ಎಣಿಕೆ ಬಿಟ್ಟೆ. ಅವಳು ಎಡಗಾಲು ಇಟ್ಟಳು, ನಾನು ಎರಡು ಅಕ್ಷರ. ಬಲಗಾಲು, ಮೂರು ಅಕ್ಷರ. ಜಾರುವ ಕಲ್ಲೆಂದು ಅವಳು ಪಾದವನ್ನು ಸ್ವಲ್ಪ ಎಳೆದಳು, ನಾನೂ ಸ್ವರವನ್ನು ಅಷ್ಟೇ ಎಳೆದೆ. ಚಂದ್ರಣ್ಣನಿಗೆ ಮೂರನೆಯ ಹೆಜ್ಜೆಗೆ ಗೊತ್ತಾಯಿತು, ಡೋಲಿನಲ್ಲಿ ಸೇರಿಕೊಂಡ. ಮೊದಲು ಮಕ್ಕಳು ಕಿಸಕ್ಕೆಂದವು. ಆಮೇಲೆ ಹೆಂಗಸರ ಸಾಲಿನಲ್ಲಿ ಯಾರೋ ಇನ್ನೊಬ್ಬರ ತೋಳು ತಿವಿದರು. ಒಂದು ಗಳಿಗೆಯಲ್ಲಿ ಇಡೀ ನಡುವಂಗಳ ನಗುತ್ತಿತ್ತು. ಯಜಮಾನರು ಕಣ್ಣು ತೆರೆದು ನೋಡಿ ಅವರೂ ನಕ್ಕರು. ಅಪ್ಪ ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ವಾಲಿ, ಎಲ್ಲರಿಗೂ ಕೇಳುವ ಹಾಗೆ, "ಶಭಾಷ್, ನನ್ನ ಮಗಳೇ" ಎಂದ. ಮೂರು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಶಭಾಷ್. ನನಗೆ ಖುಷಿಯಾಯಿತು. ಇದನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ. ಮೈಯೆಲ್ಲ ಜುಮ್ಮೆನ್ನುವಷ್ಟು ಖುಷಿಯಾಯಿತು.

ಅಮ್ಮ ಅರ್ಧ ದಾರಿಯಲ್ಲಿ ನಿಂತಳು. ಅವಳು ನಿಂತದ್ದಕ್ಕೆ ಸರಿಯಾಗಿ ನಾನೂ ಒಂದು ಸ್ವರ ಹಿಡಿದು ನಿಂತೆ. ಜನ ಇನ್ನೂ ಜೋರಾಗಿ ನಕ್ಕರು. ಅವಳು ಅಪ್ಪನ ಕಡೆಗೆ ನೋಡಿದಳು. ಅವನ ವಾದ್ಯ ನೆಲದ ಮೇಲಿತ್ತು. ಆಮೇಲೆ ಸದ್ದು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ನನ್ನನ್ನು ನೋಡಿದಳು. ಅಲ್ಲಿಯವರೆಗೂ ಅವನೇ ಎಂದುಕೊಂಡಿದ್ದಳು. ಮುಂದೆ ಹೋದರೂ ತಾಳ, ಹಿಂದೆ ಹೋದರೂ ತಾಳ. ಅವಳು ನಿಂತಲ್ಲೇ, ನಡುವಂಗಳದ ಮಧ್ಯದಲ್ಲಿ, ನೆಲದ ಮೇಲೆ ಕೂತಳು. ಲೋಟವನ್ನು ಪಕ್ಕದಲ್ಲಿಟ್ಟು, ಎಡ ಪಾದದ ಮೇಲೆ ಸೀರೆ ಎಳೆದುಕೊಂಡಳು. ನನ್ನ ಉಸಿರು ಮುಗಿದು ಸ್ವರ ನಿಂತಿತು. ನಗು ತಾನಾಗಿ ತಣ್ಣಗಾಯಿತು. ತೊಡೆಯ ಮೇಲೆ ಟ್ರಂಪೆಟ್ಟು ಇಟ್ಟುಕೊಂಡು ಸುಮ್ಮನೆ ಕೂತಿದ್ದ ರಹಮತ್ ಮಾಮ ಎದ್ದು ಹೋಗಿ ಆ ಲೋಟ ತೆಗೆದುಕೊಂಡು ಬಂದು ನನ್ನ ಮುಂದಿಟ್ಟರು. "ಕುಡಿ. ನಿಂಗಂತಾನೇ ತಂದಿದ್ರು" ಎಂದರು. ಅಪ್ಪ ಬೇಗ ಬೇಗ ಮಂಗಳ ಶುರುಮಾಡಿದ.

ಟೆಂಪೋದಲ್ಲಿ ವಾಪಸು ಬರುವಾಗ ಚಂದ್ರಣ್ಣ ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡು, "ಇವತ್ತಿಂದ ನೀನು ನಮ್ಮೋಳು ಕಣಮ್ಮ" ಎಂದ. ಅಪ್ಪ ಮಂಡಕ್ಕಿ ಕೊಡಿಸಿದ. ಅಮ್ಮ ಡ್ರೈವರ್ ಪಕ್ಕದ ಸೀಟಿನಲ್ಲಿದ್ದಳು, ಅವಳ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಮನೆಗೆ ಬಂದ ಮೇಲೆ ಸೀರೆ ಮಡಿಸಿ ಟ್ರಂಕಿಗೆ ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚತೊಡಗಿದಳು. ಬೈಯಲಿ ಎಂದು ಕಾದೆ. ಹೊಡೆಯಲಿ ಎಂದೂ ಕಾದೆ.

"ಅಮ್ಮ, ಅಪ್ಪ ಹುಬ್ಬು ಹಾರಿಸಿದ್ರು, ಅದಕ್ಕೆ…"

"ನಿಮ್ಮಪ್ಪಂಗೆ ಹೊಸ್ಲು ಹತ್ರ ನಾನು ನಿಲ್ಲೋದು ಗೊತ್ತಿಲ್ಲ. ಇಷ್ಟು ವರ್ಷ ಆದ್ರೂ ಗೊತ್ತಿಲ್ಲ."

ಅವಳು ಎರಡನೆಯ ಜಡೆಗೆ ಕೈ ಹಾಕಿದಳು.

"ಅವ್ರೆಲ್ಲ ಅಂದಾಜಿನ ಮೇಲೆ ಹೊಡೀತಿದ್ರು. ನೀನು ಸರಿಯಾಗಿ ಹೊಡ್ದೆ."

ಬಾಡಿದ ಕನಕಾಂಬರವನ್ನು ಕೈಯಲ್ಲಿ ಉಂಡೆ ಮಾಡಿ ಹಿತ್ತಲಿಗೆಸೆದು ಕೈ ತೊಳೆದುಕೊಂಡಳು. ಆ ವಿಷಯ ಆಮೇಲೆ ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ. ನಾನು ಕ್ಷಮಿಸು ಎನ್ನಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಬಳಕೆಯಲ್ಲಿರಲಿಲ್ಲ, ಬಳಸಿದ್ದರೆ ಅದನ್ನೂ ಯಾರಾದರೂ ವಾದ್ಯದಲ್ಲಿ ನುಡಿಸುತ್ತಿದ್ದರು.

ಅಮ್ಮ ಕೊಟ್ಟ ಮಾತು ತಪ್ಪಲಿಲ್ಲ. ನನ್ನ ಪಾಠ ನಡೆಯುತ್ತಿದ್ದಷ್ಟು ವರ್ಷವೂ ಹಾಲಿಗೆ ಕಾಫಿ ಹೋಯಿತು. ಚಂದ್ರಣ್ಣನ ಮುಂದೆ, ಬೇರೆ ಊರಿನ ವಾದ್ಯದವರ ಮುಂದೆ, ತೊಡೆ ತಟ್ಟುವ ಮಕ್ಕಳ ಮುಂದೆ ಅವಳು ತಟ್ಟೆ ಹಿಡಿದು ಮೊದಲಿನ ಹಾಗೆಯೇ ನಡೆದುಹೋದಳು. ಆದರೆ ನಾನು ಹಾಲಿನಲ್ಲಿದ್ದೇನೆಂದು ಗೊತ್ತಾದರೆ ನಡುಮನೆಯಲ್ಲೇ ನಿಂತು, "ರಂಜಿ, ಬಂದು ತಗೊಂಡು ಹೋಗು" ಎನ್ನುತ್ತಿದ್ದಳು. ಊಟಕ್ಕೆ ಮೊದಲೇ ಎಲ್ಲ ಪಾತ್ರೆಗಳನ್ನೂ ತನ್ನ ಸುತ್ತ ಇಟ್ಟುಕೊಂಡು ಕೂತುಬಿಡುತ್ತಿದ್ದಳು, ಬಡಿಸುವಾಗ ಏಳಬೇಕಾಗದ ಹಾಗೆ. ನಾನು ಎದ್ದು ಕೈ ತೊಳೆಯಲು ಹೋದ ಮೇಲೆ ಅವಳು ಏಳುತ್ತಿದ್ದಳು. ಊರಿಗೆಲ್ಲ ತೋರಿಸಿದ ನಡಿಗೆಯನ್ನು ನನ್ನೊಬ್ಬಳಿಂದ ಬಚ್ಚಿಟ್ಟಳು.

ಸಂತೆಗೆ ಮಾತ್ರ ನಾನು ಜೊತೆಗೆ ಹೋಗಲೇಬೇಕು, ಚೀಲ ಹೊರಲು. ಆಗಲೂ ಗಲ್ಲಿಯ ತಿರುವಿನಲ್ಲಿ, "ನೀನು ಮುಂದೆ ನಡಿ" ಎನ್ನುತ್ತಿದ್ದಳು. ಒಂದು ಶುಕ್ರವಾರ, ಎರಡೂ ಕೈಯಲ್ಲಿ ಚೀಲ ಹೊತ್ತು ಬರುತ್ತ, ರೈಲ್ವೆ ಗೇಟು ದಾಟಿದ ಮೇಲೆ ತಡೆಯಲಾಗದೆ ಹಿಂತಿರುಗಿ ನೋಡಿದೆ. ಹತ್ತು ಮಾರು ಹಿಂದೆ ಇದ್ದಳು. ನಾನು ತಿರುಗಿದ್ದು ಕಂಡ ಕೂಡಲೇ ನಿಂತುಬಿಟ್ಟಳು, ಎರಡು ಪಾದ ಕೂಡಿಸಿ.

"ಯಾಕಮ್ಮ ನಿಂತೆ? ಬಾ."

"ನೀನು ನಡಿಯೇ. ನಾನು ಬರ್ತೀನಿ."

"ಜೊತೇಲಿ ಬಾರಮ್ಮ."

"ನಡಿ ಅಂದ್ನಲ್ಲ."

ನಾನು ತಿರುಗಿ ನಡೆದೆ. ನಾಲ್ಕಾರು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಅವಳ ಹೆಜ್ಜೆ ಶುರುವಾಯಿತು. ಎಣಿಸಬಾರದು ಎಂದುಕೊಂಡೆ. ಎಣಿಸಿದೆ.